ಟಿಕ್ ಬೀಳದ ಸಾಲು

ನಮ್ಮ ಪ್ರಾರ್ಥನಾ ಕೂಟದ ನೋಟ್‌ಬುಕ್ ಬರೆಯುವ ಕೆಲಸ ನನ್ನದು. ಅಕ್ಷರ ದುಂಡಗಿದೆ ಅಂತ ಒಂದು ದಿನ ಯಾರೋ ಕೈಗೆ ಕೊಟ್ಟರು, ಅದು ನನ್ನ ಹತ್ತಿರವೇ ಉಳಿದುಕೊಂಡಿತು. ಪ್ರತಿ ಪುಟಕ್ಕೂ ಸ್ಕೇಲಿಟ್ಟು ಗೆರೆ ಎಳೆಯುತ್ತೇನೆ. ತಾರೀಕು, ಹೆಸರು, ವಿಷಯ. ಕೊನೆಯಲ್ಲಿ ಟಿಕ್ ಹಾಕುವುದಕ್ಕೆ ಸಣ್ಣದೊಂದು ಜಾಗ. ಪರೀಕ್ಷೆ ಪಾಸಾಯಿತು, ಟಿಕ್. ಆಪರೇಷನ್ ಚೆನ್ನಾಗಿ ಆಯಿತು, ಟಿಕ್. ಬಾಡಿಗೆಗೆ ಮನೆ ಸಿಕ್ಕಿತು, ಟಿಕ್. ನೋಟ್‌ಬುಕ್ ತುಂಬಿದಾಗ ಟಿಕ್ ಬೀಳದ ಸಾಲುಗಳನ್ನು ಹೊಸದಕ್ಕೆ ಇಳಿಸಿಕೊಳ್ಳುವುದೂ ನನ್ನ ಕೆಲಸವೇ. ಹಾಗೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ ದಾಟುತ್ತಲೇ ಬಂದಿರುವ ಸಾಲೊಂದಿದೆ. ಅದು ನಮ್ಮ ಅಣ್ಣನದು.

ಅಣ್ಣ ಅಪ್ಪನ ಜೊತೆ ಜಗಳ ಮಾಡಿಕೊಂಡು ಮನೆ ಬಿಟ್ಟವನು. ಅಪ್ಪ ತೀರಿಕೊಂಡಾಗ ಬಂದ. ಸಮಾಧಿಯ ಹತ್ತಿರ ಸ್ವಲ್ಪ ದೂರದಲ್ಲೇ ನಿಂತಿದ್ದು, ಯಾರ ಜೊತೆಗೂ ಮಾತಾಡದೆ ಹೊರಟುಹೋದ. ಎಲ್ಲಿದ್ದಾನೆ ಅಂತ ಗೊತ್ತು. ಆರೋಗ್ಯವಾಗಿದ್ದಾನೆ ಅಂತಲೂ ಗೊತ್ತು. ಅವನ ಹುಟ್ಟುಹಬ್ಬಕ್ಕೆ, ಕ್ರಿಸ್ಮಸ್‌ಗೆ ನಾನು ಮೆಸೇಜ್ ಹಾಕುತ್ತೇನೆ. ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. ಓದುತ್ತಾನಲ್ಲ ಅನ್ನುವುದೇ ಅಮ್ಮನಿಗೆ ಸಮಾಧಾನ. "ಬ್ಲಾಕ್ ಮಾಡಿಲ್ಲ ನೋಡು" ಅನ್ನುತ್ತಾಳೆ. ಬ್ಲಾಕ್ ಅನ್ನುವ ಪದವನ್ನು ಅಮ್ಮ ಕಲಿತದ್ದೇ ಇದಕ್ಕೋಸ್ಕರ.

"ದೇವರ ಸಮಯಕ್ಕೆ ಎಲ್ಲಾ ಆಗುತ್ತೆ ಬಿಡಿ." ಈ ಮಾತನ್ನು ನಮ್ಮ ಮನೆಯವರಿಗೆ ಹೇಳದವರು ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಮಾತು ಸುಳ್ಳೇನಲ್ಲ. ನಾನೂ ಅದನ್ನು ನಂಬುತ್ತೇನೆ. ಆದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದರ ಮೇಲೆ ಅದರ ತೂಕ ಬದಲಾಗುತ್ತದೆ. ರಾತ್ರಿ ನಿದ್ದೆ ಬಾರದೆ ಅಮ್ಮ ತನಗೆ ತಾನೇ ಹೇಳಿಕೊಂಡರೆ ಅದು ವಿಶ್ವಾಸ. ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಬ್ಬರು ಹೇಳಿದರೆ, ಹೆಚ್ಚಿನ ಸಲ ಅದರ ಅರ್ಥ "ನಾನಿನ್ನು ಹೊರಡುತ್ತೇನೆ" ಅಂತ.

ನಾನು ಸಂಡೇ ಸ್ಕೂಲ್‌ನಲ್ಲೂ ಪಾಠ ಮಾಡುತ್ತೇನೆ. ಮಗನನ್ನು ಕೊಡುತ್ತೇನೆ ಅಂತ ದೇವರು ಮಾತು ಕೊಟ್ಟು ವರ್ಷಗಟ್ಟಲೆ ಕಾಯಿಸಿದ ಅಬ್ರಹಾಮನ ಕಥೆ ವರ್ಷಕ್ಕೊಂದು ಸಲ ಬಂದೇ ಬರುತ್ತದೆ. ಮಕ್ಕಳಿಗೆ ಹೇಳುವಾಗ ವಯಸ್ಸಿನ ಲೆಕ್ಕ ಬೋರ್ಡಿನ ಮೇಲೆ ಬರೆಯುತ್ತೇನೆ, ಅವರಿಗೆ ಅದು ಇಷ್ಟ. ಖಾರಾನ್ ಬಿಟ್ಟು ಹೊರಟಾಗ 75. ದಾಸಿ ಹಾಗರಳಿಂದ ಇಷ್ಮಾಯೇಲ ಹುಟ್ಟಿದಾಗ 86. ದೇವರು ಮಾತು ಕೊಟ್ಟ ಮಗ ಇಸಾಕ ಹುಟ್ಟಿದಾಗ 100. ಹೆಂಡತಿ ಸಾರಳಿಗೆ ಆಗ 90. ಮಕ್ಕಳು ನಗುತ್ತಾರೆ. ನಗಲಿ, ಸಾರಳೂ ನಕ್ಕಿದ್ದಳು.

ಆದರೆ ಬೋರ್ಡಿನ ಮೇಲೆ ಬರೆಯಲಾಗದ ಒಂದು ಲೆಕ್ಕ ಇದೆ. ಆದಿಕಾಂಡದ 16ನೇ ಅಧ್ಯಾಯದ ಕೊನೆಯ ವಚನದಲ್ಲಿ ಅವನಿಗೆ 86 ವರ್ಷ. 17ನೇ ಅಧ್ಯಾಯದ ಮೊದಲನೇ ವಚನದಲ್ಲಿ 99. ನಡುವೆ ಏನೂ ಇಲ್ಲ. ದರ್ಶನ ಇಲ್ಲ, ಮಾತು ಇಲ್ಲ, ಹೋಗಲಿ ಒಂದು ಕನಸೂ ಇಲ್ಲ. ನಾವು ಒಂದು ಸಾಲಿನಿಂದ ಮುಂದಿನದಕ್ಕೆ ಕಣ್ಣು ಹಾಯಿಸುತ್ತೇವೆ, ಅಷ್ಟರಲ್ಲಿ ಅವನಿಗೆ 13 ವರ್ಷ ಕಳೆದಿರುತ್ತದೆ. ಅಷ್ಟು ದಿನ ಅವನು ಬೆಳಿಗ್ಗೆ ಎದ್ದು ಕುರಿ ದನ ನೋಡಿಕೊಂಡ, ಆಳುಗಳ ಜಗಳ ತೀರಿಸಿದ, ಗುಡಾರ ಕಿತ್ತು ಇನ್ನೊಂದು ಕಡೆ ಹಾಕಿದ ಅಂತ ಕಾಣುತ್ತದೆ. ಬರೆಯುವಂಥದ್ದೇನೂ ನಡೆಯಲಿಲ್ಲ. ಕಾಯುವುದು ಅಂದರೆ ಮೊಣಕಾಲೂರಿ ಕಣ್ಣೀರಿಡುವ ದೃಶ್ಯ ಅಂತ ನಾವು ಅಂದುಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಅದು ಹೆಚ್ಚಾಗಿ ಏನೂ ನಡೆಯದ ಮಂಗಳವಾರದ ಹಾಗಿರುತ್ತದೆ.

ಇಷ್ಮಾಯೇಲನ ವಿಷಯ ಬಂದಾಗ "ಅವಸರ ಮಾಡಬಾರದು ಮಕ್ಕಳೇ" ಅಂತ ಹೇಳಿ ಮುಂದೆ ಹೋಗುವುದು ಸುಲಭ. ನನಗೆ ಈಗೀಗ ಅಲ್ಲಿ ಹಾಗರಳೇ ಜಾಸ್ತಿ ಕಾಣಿಸುತ್ತಾಳೆ. ಅಬ್ರಹಾಮ ಸಾರ ಇಬ್ಬರಿಗೂ ದೇವರ ಮೇಲೆ ನಂಬಿಕೆ ಇರಲಿಲ್ಲ ಅಂತ ಹೇಳಲಾಗದು. ಮಾತು ಕೊಟ್ಟವರು ದೇವರು, ಒಂದು ಚೂರು ನಾವೂ ಕೈ ಹಾಕೋಣ ಅಂದುಕೊಂಡು ದಾಸಿಯಿಂದ ಮಗು ಪಡೆಯಲು ಹೊರಟರು. ಅದಕ್ಕೆ ಬೆಲೆ ತೆತ್ತವಳು ಮಾತ್ರ ದಾಸಿ. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬಸುರಿ ಹೆಂಗಸು ಕಾಟ ತಡೆಯಲಾರದೆ ಅಡವಿಗೆ ಓಡಿಹೋದಳು. ಅಲ್ಲಿ ನೀರಿನ ಬುಗ್ಗೆಯ ಹತ್ತಿರ ಕರ್ತನ ದೂತ ಅವಳನ್ನು ಹುಡುಕಿಕೊಂಡು ಬಂದು, ಹೆಸರು ಹಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಅಂತ ಕೇಳಿದ. ಅವಳು ದೇವರಿಗೆ ಹೆಸರಿಟ್ಟಳು, ನನ್ನನ್ನು ನೋಡುವ ದೇವರು ಅಂತ. ಬೇರೆಯವರ ಅವಸರಕ್ಕೆ ಸಿಕ್ಕಿ ನುಗ್ಗಾದವಳ ಬಾಯಲ್ಲಿ ಆ ಹೆಸರು ಬಂತು ಅನ್ನುವುದನ್ನು ನಾನು ಮರೆಯುವುದಿಲ್ಲ.

ಇದು ನಮ್ಮ ಮನೆಗೆ ಬಂದ ರೀತಿ ಹೇಳುತ್ತೇನೆ. ನಮ್ಮ ಸಂಬಂಧಿಕರೊಬ್ಬರು ಒಂದು ಸಲ ಅಮ್ಮನಿಗೆ ಉಪಾಯ ಹೇಳಿಕೊಟ್ಟರು. "ನಿಮಗೆ ಹುಷಾರಿಲ್ಲ, ಐಸಿಯುನಲ್ಲಿ ಇದ್ದೀರಿ ಅಂತ ಅವನಿಗೆ ಫೋನ್ ಮಾಡಿಸೋಣ. ಓಡಿ ಬರ್ತಾನೆ. ಬಂದ ಮೇಲೆ ಎಲ್ಲಾ ಸರಿ ಹೋಗುತ್ತೆ." ಹೇಳಿದವರು ಕೆಟ್ಟವರಲ್ಲ. ನಮ್ಮ ಸಂಕಟ ನೋಡಲಾರದೆ ಹೇಳಿದರು. ನಿಜ ಹೇಳಬೇಕೆಂದರೆ ಅದು ಕೆಲಸ ಮಾಡುತ್ತಿತ್ತು, ಅಣ್ಣ ಬರುತ್ತಿದ್ದ. ಅಮ್ಮ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ತಲೆ ಎತ್ತದೆ ಹೇಳಿದಳು. "ಸುಳ್ಳು ಹೇಳಿ ಕರೆಸಿದರೆ ಅವನು ಬಂದದ್ದು ಆ ಸುಳ್ಳಿನ ಹತ್ತಿರಕ್ಕೆ. ಇನ್ನೊಂದು ಸಲ ನಿಜವಾಗಿ ಹುಷಾರು ತಪ್ಪಿದಾಗ ಏನು ಮಾಡೋದು?" ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಈ ವಿಷಯದಲ್ಲಿ ನನಗೆ ಇಸ್ರಾಯೇಲಿನ ಮೊದಲ ರಾಜ ಸೌಲನ ಮೇಲೆ ಸ್ವಲ್ಪ ಕನಿಕರ ಇದೆ. ಗಿಲ್ಗಾಲಿನಲ್ಲಿ ಅವನು ಕಾಯಲೇ ಇಲ್ಲ ಅನ್ನುವ ಹಾಗೆ ಪ್ರಸಂಗಗಳಲ್ಲಿ ಹೇಳುತ್ತಾರೆ. ಬೈಬಲ್ ತೆಗೆದು ನೋಡಿ, 1 ಸಮುವೇಲ 13. ನಾನು ಬರುವವರೆಗೆ ಕಾಯಿ ಅಂತ ಪ್ರವಾದಿ ಸಮುವೇಲ ಹೇಳಿದ 7 ದಿನವನ್ನು ಅವನು ಕಾದ. ಎದುರಿಗೆ ಫಿಲಿಷ್ಟಿಯರ ಸೈನ್ಯ. ಹಿಂದೆ ತನ್ನ ಜನ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದಾರೆ. ಸಮುವೇಲನ ಸುಳಿವಿಲ್ಲ. ಕೊನೆಗೆ ಸಮುವೇಲ ಬಂದು ಮಾಡಬೇಕಿದ್ದ ಸರ್ವಾಂಗಹೋಮವನ್ನು ತಾನೇ ಮಾಡಿ ಮುಗಿಸಿದ, ಮುಗಿಸುತ್ತಿದ್ದ ಹಾಗೆ ಸಮುವೇಲ ಬಂದ. ಎಂಥಾ ಹೊತ್ತಿಗೆ ಬಂದ ಮಾರಾಯ ಅನ್ನಿಸುತ್ತದೆ. ಸೌಲ ಕೊಟ್ಟ ಉತ್ತರವೂ ನಮ್ಮದೇ ಬಾಯಿಂದ ಬಂದ ಹಾಗಿದೆ. ಜನ ಚದುರುತ್ತಿದ್ದರು, ನೀನು ಬರಲಿಲ್ಲ, ಮನಸ್ಸಿಲ್ಲದಿದ್ದರೂ ಮಾಡಬೇಕಾಯಿತು ಅಂತ.

ಅದಕ್ಕಿಂತ ಕಷ್ಟದ ಪರೀಕ್ಷೆ ದಾವೀದನದು ಅಂತ ನನ್ನ ಅಭಿಪ್ರಾಯ. ಸೌಲನಿಗೆ ಎಲ್ಲಾ ಕೈಬಿಟ್ಟು ಹೋಗುತ್ತಿತ್ತು. ದಾವೀದನಿಗೆ ಎಲ್ಲಾ ಕೈಗೆ ಬಂದು ಬಿದ್ದಿತ್ತು. ಏಂಗೆದಿಯ ಗುಹೆಯಲ್ಲಿ ಅವನು ತನ್ನ ಜನರ ಜೊತೆ ಅಡಗಿ ಕೂತಿದ್ದಾನೆ. 3000 ಜನರನ್ನು ಕಟ್ಟಿಕೊಂಡು ಅವನನ್ನು ಹುಡುಕುತ್ತಿದ್ದ ಸೌಲ ಒಬ್ಬನೇ ಅದೇ ಗುಹೆಯೊಳಗೆ ಬರುತ್ತಾನೆ. ಜೊತೆಗಿದ್ದವರು ಕಿವಿಯಲ್ಲಿ ಏನು ಹೇಳಿದರು? ದೇವರು ನಿನಗೆ ಹೇಳಿದ್ದ ದಿನ ಇದೇ ಅಂದರು. ಮುಂದಿನ ರಾಜ ಅಂತ ಅಭಿಷೇಕ ಆಗಿದೆ, ಶತ್ರು ಎದುರಿಗಿದ್ದಾನೆ, ಕೈಯಲ್ಲಿ ಕತ್ತಿ ಇದೆ, ಜೊತೆಯವರೆಲ್ಲಾ ಒಂದೇ ಮಾತು ಹೇಳುತ್ತಿದ್ದಾರೆ. ನಮ್ಮ ಕೂಟದಲ್ಲಾಗಿದ್ದರೆ "ಬಾಗಿಲು ತಾನಾಗೇ ತೆರೀತು, ಇದು ದೇವರದ್ದೇ" ಅಂತ ಸ್ತೋತ್ರ ಹೇಳಿ ಮುಗಿಸುತ್ತಿದ್ದೆವು. ದಾವೀದ ನಿಲುವಂಗಿಯ ಅಂಚು ಕತ್ತರಿಸಿದ, ಅಷ್ಟೇ. ಅದಕ್ಕೂ ಅವನ ಮನಸ್ಸು ಚುಚ್ಚಿತು. ಬಾಗಿಲು ತೆರೆದಿದೆ ಅನ್ನುವುದನ್ನೇ ದೇವರ ಸಮಯಕ್ಕೆ ಗುರುತು ಅಂತ ಯಾರಾದರೂ ಹೇಳಿದಾಗ ನನಗೆ ಆ ಗುಹೆ ನೆನಪಾಗುತ್ತದೆ. ಒಳಗೆ ಹೋಗಬೇಕಾದರೆ ಯಾರನ್ನು ತುಳಿಯಬೇಕಾಗುತ್ತದೆ ಅಂತ ಮೊದಲು ನೋಡಬೇಕು.

ಇನ್ನು ತಾರೀಕು ಹೇಳುವವರ ಸುದ್ದಿ. ಹೊರಗಿಂದ ಬಂದ ಬೋಧಕರೊಬ್ಬರು ಅಮ್ಮನ ತಲೆಯ ಮೇಲೆ ಕೈಯಿಟ್ಟು, ಈ ವರ್ಷ ಮುಗಿಯುವುದರೊಳಗೆ ನಿಮ್ಮ ಮಗ ಮನೆಯಲ್ಲಿರುತ್ತಾನೆ, ಇದು ಕರ್ತನ ಮಾತು ಅಂದರು. ಆ ವರ್ಷ ಮುಗಿಯಿತು. ಅವರು ಮತ್ತೆ ಬಂದಾಗ ಆ ಮಾತು ಅವರಿಗೇ ನೆನಪಿರಲಿಲ್ಲ. ಅಮ್ಮ ಅದನ್ನು ಎತ್ತಲೂ ಇಲ್ಲ. ನನಗೆ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಇಳಿದಿಲ್ಲ.

ಆ ಸಿಟ್ಟಿನಲ್ಲೇ ಓದಿದ್ದು ಯೆರೆಮೀಯ 28. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಜನ ಯಾವಾಗ ವಾಪಸ್ ಬರುತ್ತಾರೆ ಅನ್ನುವುದೇ ಅಲ್ಲಿನ ಪ್ರಶ್ನೆ. ಹನನ್ಯ ಅನ್ನುವ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರಿಗೆ ನಿಂತು 2 ವರ್ಷ ಅಂದ. ಬಾಬೆಲಿಗೆ ತಲೆಬಾಗಬೇಕು ಅನ್ನುವುದಕ್ಕೆ ಗುರುತಾಗಿ ಪ್ರವಾದಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ನೊಗ ಕಿತ್ತು ಮುರಿದೂ ಹಾಕಿದ. ಸುಳ್ಳು ಹೇಳುತ್ತಿದ್ದವನು ಕಡಿಮೆ ದಿನ ಹೇಳಿದ, ನೋಡಿ! ಇನ್ನೂ ಒಂದು ವಿಷಯ ಇದೆ. ಯೆರೆಮೀಯ ಮೊದಲು ಅವನಿಗೆ ಕೊಟ್ಟ ಉತ್ತರ "ಆಮೆನ್, ಕರ್ತನು ಹಾಗೆಯೇ ಮಾಡಲಿ" ಅಂತ. ಅವನಿಗೂ ಬೇಗ ಆಗುವುದೇ ಬೇಕಿತ್ತು. ತನ್ನ ಬಾಯಿಂದ ಬಂದ ದೀರ್ಘ ಲೆಕ್ಕ ಸುಳ್ಳಾಗಲಿ ಅಂತ ಆಸೆಪಟ್ಟ ಪ್ರವಾದಿ ಅವನು.

ಮುಂದಿನ ಅಧ್ಯಾಯದಲ್ಲಿ ಸೆರೆಯವರಿಗೆ ಅವನು ಬರೆದ ಪತ್ರ ಇದೆ. ಅದರ 11ನೇ ವಚನ ನಮ್ಮೆಲ್ಲರಿಗೂ ಬಾಯಿಪಾಠ. ನಿಮಗಾಗಿ ನನಗಿರುವ ಯೋಚನೆಗಳು ಕೇಡಿನವಲ್ಲ, ಹಿತದವು, ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವಂಥವು ಅನ್ನುವುದು ಅದರ ಭಾವ. ಗೋಡೆ ಕ್ಯಾಲೆಂಡರ್‌ಗಳಲ್ಲಿ ಅದು ಇದ್ದೇ ಇರುತ್ತದೆ. 10ನೇ ವಚನವನ್ನು ಕ್ಯಾಲೆಂಡರ್‌ನಲ್ಲಿ ನಾನು ಇದುವರೆಗೆ ಕಂಡಿಲ್ಲ. ಅಲ್ಲಿರುವುದು ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ಅನ್ನುವ ಮಾತು. ಪತ್ರ ಕೇಳಿಸಿಕೊಂಡವರಲ್ಲಿ ಮೂವತ್ತು ನಲವತ್ತು ದಾಟಿದವರಿಗೆ ಅದರ ಅರ್ಥ ತಕ್ಷಣ ಗೊತ್ತಾಗಿರಬೇಕು. ನಾವು ಊರು ನೋಡುವುದಿಲ್ಲ ಅಂತ. ಕ್ರಿ.ಪೂ. 597ರಲ್ಲಿ ಅವರು ಸೆರೆಯಾಗಿ ಹೋದದ್ದು, ವಾಪಸ್ ಹೋಗಿ ಅಂತ ಪರ್ಷಿಯಾದ ಕೋರೆಷ್ ದೊರೆ ಅಪ್ಪಣೆ ಕೊಟ್ಟದ್ದು ಕ್ರಿ.ಪೂ. 538ರಲ್ಲಿ. ಹೋದವರ ಮೊಮ್ಮಕ್ಕಳು ಹಿಂದಿರುಗಿದರು ಅನ್ನಬೇಕು.

ಹಾಗಾದರೆ ಆ ನಡುವಿನ ಜನ ಏನು ಮಾಡಬೇಕು? ಪತ್ರದಲ್ಲಿ ಅದಕ್ಕೂ ಉತ್ತರ ಇದೆ, ಅದೂ ಮೊದಲೇ. ಮನೆ ಕಟ್ಟಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನೀವಿರುವ ಆ ಪಟ್ಟಣಕ್ಕಾಗಿ ಪ್ರಾರ್ಥಿಸಿ. ಮೂಟೆ ಕಟ್ಟಿಟ್ಟುಕೊಂಡು ಬಾಗಿಲಲ್ಲಿ ಕೂತಿರಿ ಅಂತ ದೇವರು ಹೇಳಲಿಲ್ಲ. ಇದನ್ನು ಓದಿದ ಮೇಲೆ ನಾನು ಅಮ್ಮನಿಗೆ ಒಂದು ಮಾತು ಹೇಳಿದೆ. ಅಣ್ಣನ ರೂಮು ಹಾಗೇ ಬೀಗ ಹಾಕಿತ್ತು. ಅವನು ಬಂದಾಗ ಬೇಕಾಗುತ್ತೆ ಅಂತ. ಅವನ ಸಾಮಾನನ್ನು ಒಂದು ಬೀರುವಿಗೆ ಸೇರಿಸಿ, ರೂಮು ತೆಗೆದು ಪಕ್ಕದ ಮನೆಯ ಮಕ್ಕಳಿಗೆ ಓದಲು ಬಿಡೋಣ ಅಂದೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಆಮೇಲೆ ತಾನೇ ಬೀಗ ತೆಗೆದು ಕಸ ಗುಡಿಸಿದಳು. ಈಗ ಸಂಜೆ ಆ ರೂಮಿನಲ್ಲಿ ಮಗ್ಗಿ ಹೇಳುವ ಸದ್ದು ಕೇಳುತ್ತದೆ. ಅಣ್ಣ ಬಂದರೆ ಮಕ್ಕಳನ್ನು ಹಾಲ್‌ಗೆ ಕಳಿಸಿದರಾಯಿತು, ಅದೇನು ದೊಡ್ಡ ವಿಷಯ!

ಯಾಯೀರನ ಕಥೆಯನ್ನು ಮಾತ್ರ ನಾನು ಅಮ್ಮನ ಮುಂದೆ ಎತ್ತುವುದಿಲ್ಲ. ಅವನ 12 ವರ್ಷದ ಮಗಳು ಸಾಯುತ್ತಿದ್ದಾಳೆ, ಯೇಸುಸ್ವಾಮಿ ಅವನ ಮನೆಗೆ ಹೊರಟಿದ್ದಾರೆ, ದಾರಿಯಲ್ಲಿ ನಿಂತುಬಿಡುತ್ತಾರೆ. 12 ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಉಡುಪು ಮುಟ್ಟಿದಳು ಅಂತ. ಅವಳಿಗೆ ಆಗಲೇ ಗುಣವಾಗಿದೆ. ಆದರೂ ಯಾರು ಮುಟ್ಟಿದ್ದು ಅಂತ ವಿಚಾರಿಸುತ್ತಾ ನಿಲ್ಲುತ್ತಾರೆ. ಅವಳು ನಡೆದದ್ದನ್ನೆಲ್ಲಾ ಹೇಳುವವರೆಗೂ ಕೇಳುತ್ತಾರೆ. ಅಷ್ಟರಲ್ಲಿ ಮಗು ಹೋಯಿತು ಅಂತ ಸುದ್ದಿ ಬರುತ್ತದೆ. ಆ ಹೊತ್ತಿನಲ್ಲಿ ಯಾಯೀರನ ಮುಖ ಹೇಗಿತ್ತು ಅಂತ ಮಾರ್ಕ ಬರೆದಿಲ್ಲ. ಒಬ್ಬರಿಗೆ ತಡವಾದದ್ದು ಇನ್ನೊಬ್ಬರಿಗೆ ಸರಿಯಾದ ಹೊತ್ತಾಗಿತ್ತು ಅಂತ ಹೇಳುವುದು ಪ್ರಸಂಗಕ್ಕೆ ಚೆನ್ನಾಗಿರುತ್ತದೆ. ಕಾಯುತ್ತಿರುವ ತಾಯಿಗೆ ಹಾಗಂತ ಹೇಳುವ ಧೈರ್ಯ ನನಗಿಲ್ಲ.

ಬೇಥಾನ್ಯದ ಕಥೆ ಹೇಳಬಹುದು. ಯೋಹಾನ 11ರಲ್ಲಿ ಎರಡು ವಚನ ಅಕ್ಕಪಕ್ಕ ಇವೆ. ಯೇಸು ಮಾರ್ಥಳನ್ನೂ ಅವಳ ತಂಗಿಯನ್ನೂ ಲಾಜರನನ್ನೂ ಪ್ರೀತಿಸುತ್ತಿದ್ದರು. ಲಾಜರನಿಗೆ ಹುಷಾರಿಲ್ಲ ಅಂತ ಕೇಳಿದ ಮೇಲೂ ಇದ್ದಲ್ಲೇ 2 ದಿನ ಉಳಿದರು. ಇವೆರಡನ್ನೂ ಒಟ್ಟಿಗೆ ಹೇಗಪ್ಪಾ ಓದುವುದು ಅನ್ನಿಸುತ್ತದೆ. ಅವರು ಬರುವ ಹೊತ್ತಿಗೆ ಲಾಜರ ಸಮಾಧಿಯಲ್ಲಿ 4 ದಿನ. ಮಾರ್ಥ ಎದುರಿಗೆ ಓಡಿಬಂದು, ಸ್ವಾಮೀ, ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂದಳು. ಆಮೇಲೆ ಮರಿಯಳು ಬಂದು ಅದೇ ಮಾತು ಹೇಳಿದಳು. ಆ 4 ದಿನ ಅಕ್ಕತಂಗಿಯರು ಮನೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಇದೇ ಇರಬೇಕು, ಅಲ್ವಾ? "ತಡ ಮಾಡಿದಿರಿ" ಅಂತ ನೇರವಾಗಿ ಮುಖಕ್ಕೆ ಹೇಳಿದ ಹಾಗೆ. ಯೇಸುಸ್ವಾಮಿ ಇಬ್ಬರನ್ನೂ ಗದರಲಿಲ್ಲ. ಒಬ್ಬಳ ಜೊತೆ ಪುನರುತ್ಥಾನದ ಬಗ್ಗೆ ಮಾತಾಡಿದರು. ಇನ್ನೊಬ್ಬಳ ಕಣ್ಣೀರು ನೋಡಿ ತಾವೂ ಅತ್ತರು. ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು. ನನ್ನ ಮಟ್ಟಿಗೆ ದೇವರ ಸಮಯವನ್ನು ನಂಬುವುದಕ್ಕೆ ಇರುವ ಕಾರಣ ಇದೊಂದೇ. ತಡ ಯಾಕಾಯಿತು ಅನ್ನುವ ವಿವರಣೆ ನನಗೆ ಸಿಕ್ಕಿಲ್ಲ, ತಡ ಮಾಡಿದವರು ಎಂಥವರು ಅಂತ ಗೊತ್ತಿದೆ.

13ನೇ ಕೀರ್ತನೆಯಲ್ಲಿ ಮೊದಲ ಎರಡೇ ವಚನಗಳಲ್ಲಿ "ಇನ್ನೆಷ್ಟರವರೆಗೆ" ಅಂತ ನಾಲ್ಕು ಸಲ ಕೇಳಿದ್ದಾನೆ ದಾವೀದ. ಗುಹೆಯಲ್ಲಿ ಕತ್ತಿ ತಡೆದುಕೊಂಡವನು ಬಾಯಿ ತಡೆದುಕೊಂಡಿರಲಿಲ್ಲ. ಅಮ್ಮನೂ ಹಾಗೇ. ರಾತ್ರಿ ಪ್ರಾರ್ಥನೆಯಲ್ಲಿ ಅವಳು ದೇವರ ಜೊತೆ ವಾದ ಮಾಡುವುದು ಗೋಡೆಯಾಚೆ ಕೇಳಿಸುತ್ತದೆ. ಮೊದಮೊದಲು ನನಗೆ ಗಾಬರಿಯಾಗುತ್ತಿತ್ತು. ಈಗ ಅದು ನಿಂತರೇ ಗಾಬರಿಯಾಗಬೇಕು ಅನ್ನಿಸುತ್ತದೆ.

ನೋಟ್‌ಬುಕ್ಕಿಗೆ ಬರುತ್ತೇನೆ. ಕೂಟದ ಒಬ್ಬ ಅಕ್ಕನಿಗೆ ಕ್ಯಾನ್ಸರ್ ಆಗಿತ್ತು. ವಾರ ವಾರವೂ ಅವರ ಹೆಸರು ಓದಿದೆವು, ಉಪವಾಸ ಮಾಡಿದೆವು. ಅವರು ತೀರಿಕೊಂಡರು. ಮುಂದಿನ ವಾರ ಪೆನ್ನು ಹಿಡಿದು ಕೂತಾಗ ಆ ಸಾಲಿಗೆ ಏನು ಹಾಕಬೇಕು ಅಂತ ಗೊತ್ತಾಗಲಿಲ್ಲ. ಟಿಕ್ ಹಾಕುವಂತಿಲ್ಲ. ಹೊಡೆದು ಹಾಕಲು ಕೈ ಬರಲಿಲ್ಲ. "ಕರ್ತನೇ ಪೂರ್ಣ ಸ್ವಸ್ಥತೆ ಕೊಟ್ಟರು ಅಂತ ಟಿಕ್ ಹಾಕು" ಅಂತ ಒಬ್ಬರು ಹೇಳಿದರು. ಅವರ ಗಂಡ ಅಲ್ಲೇ ಕೂತಿದ್ದರು. ನಾನು ಹಾಕಲಿಲ್ಲ.

ಅಪೊಸ್ತಲರ ಕೃತ್ಯಗಳು 12ರಲ್ಲಿ ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರನನ್ನು ದೂತ ಬಂದು ಸೆರೆಮನೆಯಿಂದ ಬಿಡಿಸುತ್ತಾನೆ. (ಅವನು ಬಂದು ಕದ ತಟ್ಟಿದರೆ, ಒಳಗೆ ಅವನಿಗಾಗಿಯೇ ಪ್ರಾರ್ಥನೆ ಮಾಡುತ್ತಿದ್ದವರು ಸುದ್ದಿ ತಂದ ಹುಡುಗಿಗೆ ನಿನಗೆ ಹುಚ್ಚು ಅಂದರು. ನಮ್ಮ ಕೂಟದ ಹಾಗೇ!) ಯಾಕೋಬ ಯಾಕಿಲ್ಲ, ಪೇತ್ರ ಯಾಕೆ ಅಂತ ಲೂಕ ಒಂದು ಸಾಲೂ ಬರೆಯುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲೂ ಅಷ್ಟೇ. 34ನೇ ವಚನದಲ್ಲಿ ಕೆಲವರು ನಂಬಿಕೆಯಿಂದ ಕತ್ತಿಗೆ ತಪ್ಪಿಸಿಕೊಂಡರು. 37ರಲ್ಲಿ ಕೆಲವರು ಅದೇ ನಂಬಿಕೆಯಲ್ಲಿ ಕತ್ತಿಗೆ ಸಿಕ್ಕಿ ಸತ್ತರು. ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ. 39ರಲ್ಲಿ ಇವರು ಯಾರಿಗೂ ವಾಗ್ದಾನದ ಫಲ ಸಿಗಲಿಲ್ಲ ಅಂತ ಬರೆದು, ಆ ಪಟ್ಟಿಯನ್ನು ಸೋಲಿನ ಪಟ್ಟಿ ಅಂತ ಕರೆಯದೆ ಬಿಟ್ಟಿದೆ. ನಾನು ಆ ಅಕ್ಕನ ಸಾಲನ್ನು ಹಾಗೇ ಬಿಟ್ಟೆ. ಹೊಸ ಪುಸ್ತಕಕ್ಕೆ ಇಳಿಸಿಕೊಳ್ಳುವಾಗ ಅವರ ಹೆಸರಿನ ಮುಂದೆ ಗಂಡನ, ಮಕ್ಕಳ ಹೆಸರು ಸೇರಿಸಿದೆ.

ಸಾಕ್ಷಿ ಹೇಳುವವರೆಲ್ಲಾ ಕಥೆ ಮುಗಿದ ಮೇಲೆ ಹೇಳುತ್ತಾರೆ. ಇಷ್ಟು ವರ್ಷ ಕಾದೆವು, ದೇವರು ತಡ ಮಾಡಲಿಲ್ಲ, ಕೆಲಸ ಸಿಕ್ಕಿತು, ಮಗು ಹುಟ್ಟಿತು. ಕೇಳಲು ನನಗೂ ಖುಷಿಯೇ. ಹೋದ ತಿಂಗಳ ಒಂದು ಭಾನುವಾರ ಪಾಸ್ಟರ್ ಸಾಕ್ಷಿ ಹೇಳುವವರಿದ್ದರೆ ಬನ್ನಿ ಅಂದಾಗ ಅಮ್ಮ ಎದ್ದಳು. ನನಗೆ ಏನೂ ಹೇಳಿರಲಿಲ್ಲ. ಮೈಕ್ ಹಿಡಿಯಲು ಬಾರದೆ ಅದನ್ನು ಗಲ್ಲಕ್ಕೆ ಆನಿಸಿಕೊಂಡು ಹೇಳಿದಳು.

"ನನ್ನ ಮಗ ಇನ್ನೂ ಬಂದಿಲ್ಲ. ನಾನು ಇನ್ನೂ ಪ್ರಾರ್ಥನೆ ಮಾಡ್ತಾ ಇದ್ದೀನಿ. ಸ್ವಾಮಿ ಜೊತೆ ಜಗಳಾನೂ ಆಡ್ತೀನಿ. ಅವರು ನನ್ನ ಬಿಟ್ಟು ಹೋಗಿಲ್ಲ. ಇಷ್ಟೇ ಹೇಳೋಕೆ ಬಂದೆ."

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕೀಬೋರ್ಡ್ ಹುಡುಗ ಒಂದು ಸ್ವರ ಹಿಡಿದು, ಸರಿಯಲ್ಲ ಅನ್ನಿಸಿ ಬಿಟ್ಟ. ಹಿಂದಿನ ಬೆಂಚಿನಿಂದ, ಆ ಅಕ್ಕನ ಗಂಡ ಜೋರಾಗಿ ಆಮೆನ್ ಅಂದರು. ಪಾಸ್ಟರ್ ಇನ್ನು ಯಾರಾದರೂ ಇದ್ದೀರಾ ಅಂತ ಕೇಳಿದರು. ಆ ಭಾನುವಾರ ಮತ್ತೆ ಮೂರು ಜನ ಎದ್ದರು. ಮೂವರದ್ದೂ ಇನ್ನೂ ಮುಗಿಯದ ಕಥೆ. ಆರಾಧನೆ ಮುಗಿಯುವುದು ತಡವಾಯಿತು, ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ಕಿಗೆ ಅವರ ಹೆಸರುಗಳನ್ನು ಬರೆದುಕೊಂಡೆ.